ಅನ್ನನಾಳದ ಕ್ಯಾನ್ಸರ್: ಕರೆಂಟ್ (ವಿಕಿರಣ) ಕೊಡುವ ಮುನ್ನ ಇಷ್ಟೊಂದು ಸ್ಕ್ಯಾನ್ ಏಕೆ ಬೇಕು?

ಕೊನೆಭಾಗದವ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 61 ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಮನೆ ನಮ್ಮದು. ನಾನು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕ. ನಾಲ್ಕು ತಿಂಗಳ ಹಿಂದೆ ಅಪ್ಪ ಊಟಕ್ಕೆ ಕುಳಿತಾಗ, ಜೋಳದ ರೊಟ್ಟಿಯ ತುತ್ತು ಎದೆಯ ನಡುವೆ ನಿಂತುಬಿಡುತ್ತದೆ ಎನ್ನತೊಡಗಿದರು. ಕಟಕ ರೊಟ್ಟಿ ತಿಂದದ್ದಕ್ಕೆ ಹಾಗಾಗಿರಬೇಕೆಂದು ನಾವು ಅಷ್ಟಾಗಿ ಗಮನಿಸಲಿಲ್ಲ. ಬಳಿಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಂಡರು, ಅದೂ ಇಳಿಯದಾದಾಗ ಮೆತ್ತನೆಯ ಅನ್ನಕ್ಕೆ ಬಂದರು. ಈಗ ಗಂಜಿ, ಹಾಲು ಬಿಟ್ಟರೆ ಬೇರೇನೂ ಹೋಗುತ್ತಿಲ್ಲ. ತೂಕ 62 ಕಿಲೋದಿಂದ 54ಕ್ಕೆ ಇಳಿದಿದೆ.

ಬಳ್ಳಾರಿಯಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದಲ್ಲಿ 27ರಿಂದ 33 ಸೆಂಟಿಮೀಟರ್‌ವರೆಗೆ ಗಡ್ಡೆ ಇದೆ ಎಂದು ವರದಿಯಲ್ಲಿ ಬರೆದಿದ್ದಾರೆ. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಒಳಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್ ಎಂದು ಬಂತು. ಎದೆ ಮತ್ತು ಹೊಟ್ಟೆಯ ಸಿ.ಟಿ. ಸ್ಕ್ಯಾನನ್ನೂ ಮಾಡಿಸಿಯಾಯಿತು. ಆ ಕಾಗದಗಳನ್ನೆಲ್ಲ ಹಿಡಿದು ಬೆಂಗಳೂರಿಗೆ ಹೋದರೆ ಅಲ್ಲಿಯ ವೈದ್ಯರು ಪೆಟ್ ಸಿ.ಟಿ. ಆಗಬೇಕು, ಆಮೇಲೆ ಪ್ಲಾನಿಂಗ್‌ಗೆಂದು ಮತ್ತೊಂದು ಸಿ.ಟಿ. ಆಗಬೇಕು, ಚಿಕಿತ್ಸೆ ಶುರುವಾದ ಮೇಲೆ ದಿನಾಲೂ ಯಂತ್ರದ ಮೇಲೆಯೇ ಒಂದು ಸಣ್ಣ ಸ್ಕ್ಯಾನ್ ಮಾಡಿ ಆ ನಂತರವೇ ವಿಕಿರಣ ಕೊಡುತ್ತೇವೆ ಎಂದರು. ಇದಕ್ಕೆ ವಿರುದ್ಧವಾಗಿ, ನಮಗೆ ಹತ್ತಿರವಿರುವ ಒಂದು ಕಡೆ ವಿಚಾರಿಸಿದಾಗ, ಇರುವ ಫಿಲ್ಮು ಸಾಕು, ಬರುವ ವಾರವೇ ಶುರು ಮಾಡೋಣ ಎಂದರು.

ದುಡ್ಡಿನ ಚಿಂತೆ ಇಲ್ಲವೆನ್ನಲಾರೆ, ಆದರೆ ಅದಕ್ಕಿಂತ ಹೆಚ್ಚಾಗಿ ದಿನ ಕಳೆದುಹೋಗುತ್ತಿವೆ ಎಂಬ ಭಯ ಕಾಡುತ್ತಿದೆ. ಒಂದೇ ಎದೆಯನ್ನು ಇಷ್ಟು ಸಲ ಚಿತ್ರ ತೆಗೆಯುವುದರಿಂದ ಹೊಸದಾಗಿ ಏನು ತಿಳಿಯುತ್ತದೆ? ಮೊದಲೇ ವಿಕಿರಣ ಬೀಳುವ ಮೈಗೆ ದಿನಾಲೂ ಸ್ಕ್ಯಾನಿನ ವಿಕಿರಣವೂ ಸೇರಿದರೆ ಕೆಡುಕಾಗುವುದಿಲ್ಲವೇ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಮಿಲಿಮೀಟರ್, ಬಳ್ಳಾರಿ

ನಮಸ್ಕಾರ ಸರ್. ನಿಮ್ಮ ತಂದೆಯವರ ವಿಷಯ ಓದಿ ಮನಸ್ಸಿಗೆ ನೋವಾಯಿತು. ನಾನು ವೈದ್ಯನಲ್ಲ, ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಮೆಡಿಕಲ್ ಫಿಸಿಸಿಸ್ಟ್. ಊರು ಬಳ್ಳಾರಿ, ಕೆಲಸ ಬೇರೆ ಕಡೆ. ವೈದ್ಯರು ಗುರುತಿಸಿಕೊಟ್ಟ ಜಾಗಕ್ಕೆ ಕಿರಣಗಳು ಎಷ್ಟು, ಯಾವ ಕೋನದಿಂದ ಬೀಳಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸವಾದ್ದರಿಂದ, ಈ ಚಿತ್ರಗಳನ್ನು ನಾವು ಹೇಗೆ ಬಳಸುತ್ತೇವೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲು ಗಡ್ಡೆ ಇರುವ ಜಾಗವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ವರದಿಯಲ್ಲಿರುವ 27 ಮತ್ತು 33 ಎಂಬ ಅಳತೆಗಳನ್ನು ಮುಂದಿನ ಹಲ್ಲಿನಿಂದ ಎಣಿಸುತ್ತಾರೆ. ಅನ್ನನಾಳ ಹಲ್ಲಿನಿಂದ ಸುಮಾರು 15 ಸೆಂ.ಮೀ. ದೂರದಲ್ಲಿ ಶುರುವಾಗಿ ಸುಮಾರು 40ರಲ್ಲಿ ಜಠರವನ್ನು ಸೇರುತ್ತದೆ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ಹೆಚ್ಚುಕಡಿಮೆ 25ರಲ್ಲಿ ಬರುತ್ತದೆ. ಎಂದರೆ ನಿಮ್ಮ ತಂದೆಯವರ ಗಡ್ಡೆ ಆ ಕವಲಿನ ಸ್ವಲ್ಪ ಕೆಳಗೆ, ಹೃದಯದ ಎಡ ಮೇಲ್ಕೋಣೆಯ ಬೆನ್ನಿಗೆ ಅಂಟಿಕೊಂಡಂತೆ ಇದೆ. ಅದರ ಹಿಂದೆ ಬೆನ್ನುಮೂಳೆ, ಮೂಳೆಯೊಳಗೆ ಬೆನ್ನುಹುರಿ, ಪಕ್ಕದಲ್ಲಿ ಮಹಾಪಧಮನಿ, ಎರಡೂ ಕಡೆ ಶ್ವಾಸಕೋಶ. ಕಿರಣವನ್ನು ಮುಂದಿನಿಂದ ಮತ್ತು ಹಿಂದಿನಿಂದ ಕೊಟ್ಟರೆ ಹೃದಯಕ್ಕೂ ಬೆನ್ನುಹುರಿಗೂ ಹೊರೆಯಾಗುತ್ತದೆ. ಪಕ್ಕದಿಂದ ಕೊಟ್ಟರೆ ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. ಈ ಎರಡರ ನಡುವೆ ದಾರಿ ಮಾಡಿಕೊಳ್ಳಬೇಕಾದರೆ ಯಾವುದು ಎಲ್ಲಿದೆ ಎಂಬುದು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತಿರಬೇಕು.

ಇನ್ನು ಒಂದೊಂದು ಚಿತ್ರದ ಮಾತು. ಅನ್ನನಾಳದ ಗೋಡೆ 5 ಮಿ.ಮೀ.ಗಿಂತ ದಪ್ಪವಾಗಿದ್ದರೆ ಸಿ.ಟಿ.ಯಲ್ಲಿ ಅನುಮಾನ ಪಡುತ್ತೇವೆ. ಆದರೆ ಖಾಲಿ ಅನ್ನನಾಳ ಮುದುಡಿಕೊಂಡೇ ಇರುವುದರಿಂದ, ಗಡ್ಡೆ ಮೇಲೆ ಎಲ್ಲಿ ಶುರುವಾಗಿ ಕೆಳಗೆ ಎಲ್ಲಿ ಮುಗಿಯಿತು ಎಂದು ಸಿ.ಟಿ. ಒಂದನ್ನೇ ನೋಡಿ ಗೆರೆ ಎಳೆಯುವುದು ಕಷ್ಟ. ಎಂಡೋಸ್ಕೋಪಿ ಒಳಗಿನಿಂದ ನೋಡುವುದರಿಂದ ಆ ಎರಡು ತುದಿಗಳನ್ನು ಹೇಳುತ್ತದೆ, ಆದರೆ ಗೋಡೆಯ ಆಚೆ ಏನಿದೆಯೆಂದು ಅದಕ್ಕೆ ಕಾಣುವುದಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಫ್ಲೋರಿನ್-18 ಬೆರೆಸಿದ ಸಕ್ಕರೆಯಂತಹ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳು ಆ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಹೊಳೆಯುತ್ತವೆ. ಸಿ.ಟಿ.ಯ ಕಣ್ಣಿಗೆ ಬೀಳದ ದುಗ್ಧರಸ ಗ್ರಂಥಿಯೋ, ಯಕೃತ್ತಿನಲ್ಲೋ ಮೂಳೆಯಲ್ಲೋ ಇರುವ ಚುಕ್ಕೆಯೋ ಅಲ್ಲಿ ಕಂಡುಬಂದರೆ ಇಡೀ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಬೇರೆ ಅಂಗಗಳಿಗೆ ಹರಡಿದ ರೋಗಕ್ಕೆ ಐದಾರು ವಾರ ಎದೆಗೆ ವಿಕಿರಣ ಕೊಟ್ಟು ದಣಿಸುವುದು ಸರಿಯಲ್ಲ. ಹೀಗಾಗಿ ಪೆಟ್ ಸ್ಕ್ಯಾನ್‌ನಿಂದ ಆಗುವ ಎರಡು ದಿನದ ತಡವನ್ನು ನಷ್ಟವೆಂದು ಭಾವಿಸಬೇಡಿ.

ಪ್ಲಾನಿಂಗ್ ಸಿ.ಟಿ.ಯನ್ನು ಜನ ಹಿಂದಿನ ಸಿ.ಟಿ.ಯ ಪುನರಾವರ್ತನೆ ಎಂದು ತಿಳಿಯುತ್ತಾರೆ. ಅದು ರೋಗ ಹುಡುಕುವ ಚಿತ್ರವಲ್ಲ, ಅಳತೆಯ ಚಿತ್ರ. ರೋಗ ಪತ್ತೆಗೆ ತೆಗೆದ ಸಿ.ಟಿ.ಯಲ್ಲಿ ರೋಗಿ ಡೊಂಕಾದ ಹಲಗೆಯ ಮೇಲೆ ಉಸಿರು ಬಿಗಿಹಿಡಿದು ಮಲಗಿರುತ್ತಾರೆ. ವಿಕಿರಣ ಯಂತ್ರದ ಹಲಗೆ ಸಪಾಟಾಗಿರುತ್ತದೆ, ರೋಗಿ ಸಹಜವಾಗಿ ಉಸಿರಾಡುತ್ತಿರುತ್ತಾರೆ. ಮೈ ಬೇರೆ ಭಂಗಿಯಲ್ಲಿದ್ದಾಗ ತೆಗೆದ ಅಳತೆಯಿಂದ ಗುರಿ ಇಟ್ಟರೆ ಗುರಿ ತಪ್ಪುತ್ತದೆ. ಆದ್ದರಿಂದ ಚಿಕಿತ್ಸೆಯ ದಿನ ಹೇಗೆ ಮಲಗುತ್ತಾರೋ ಹಾಗೆಯೇ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಮೈಯ ಅಚ್ಚಿಗೆ ಒಗ್ಗುವ ದಿಂಬಿನ ಮೇಲೆ ಮಲಗಿಸಿ, 3 ಮಿ.ಮೀ.ಗೊಂದರಂತೆ ಎದೆಯ ಅಡ್ಡಸೀಳು ಚಿತ್ರಗಳನ್ನು ತೆಗೆಯುತ್ತೇವೆ. ಆ ಚಿತ್ರದ ಪ್ರತಿಯೊಂದು ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಅಲ್ಲಿಯ ಅಂಗಾಂಶದ ಸಾಂದ್ರತೆಯನ್ನು ಹೇಳುತ್ತದೆ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕಿರಣ ಸಲೀಸಾಗಿ ಸಾಗುತ್ತದೆ, ಮೂಳೆಯಲ್ಲಿ ಹಾಗಲ್ಲ. ಕಂಪ್ಯೂಟರ್ ಈ ಸಂಖ್ಯೆಗಳಿಂದಲೇ ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಬೆಳಕಿಗೆ ಹಿಡಿದು ನೋಡುವ ಫಿಲ್ಮಿನಿಂದ ಈ ಲೆಕ್ಕ ಆಗುವುದಿಲ್ಲ. ನಿಮ್ಮ ಹತ್ತಿರದ ಕೇಂದ್ರದವರು ಹೇಳಿದ್ದು ಫಿಲ್ಮಿನ ಆಧಾರದ ಮೇಲೆಯೇ ಚಿಕಿತ್ಸೆ ಎಂದಾದರೆ, ಗುಣಪಡಿಸುವ ಉದ್ದೇಶದ ಚಿಕಿತ್ಸೆಗೆ ನಾನು ಅದನ್ನು ಒಪ್ಪಲಾರೆ.

ಕೆಲವು ಕಡೆ ನಾಲ್ಕು ಆಯಾಮದ ಸಿ.ಟಿ. ಎಂದು ಮಾಡುತ್ತಾರೆ. ಹೊಟ್ಟೆಯ ಮೇಲೊಂದು ಸಣ್ಣ ಗುರುತಿನ ಪೆಟ್ಟಿಗೆ ಇಟ್ಟು, ಒಂದು ಉಸಿರನ್ನು ಸಾಮಾನ್ಯವಾಗಿ 10 ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದಲ್ಲಿ ಗಡ್ಡೆ ಎಲ್ಲಿರುತ್ತದೆ ಎಂದು ನೋಡುತ್ತಾರೆ. ಗಡ್ಡೆ ಅನ್ನನಾಳದ ಕೆಳತುದಿಯಲ್ಲಿದ್ದಷ್ಟೂ ವಪೆಯೊಂದಿಗೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಹೆಚ್ಚು ಮೇಲೆ ಕೆಳಗೆ ಆಡುತ್ತದೆ. ನಿಮ್ಮ ತಂದೆಯವರದು ನಡುಭಾಗವಾದ್ದರಿಂದ ಚಲನೆ ಅಷ್ಟಿರಲಾರದು, ಆದರೂ ನೋಡಿಕೊಳ್ಳುವುದು ಒಳ್ಳೆಯದು.

ಇವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ವೈದ್ಯರು ಮೊದಲು ಕಾಣುವ ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ಈ ಕ್ಯಾನ್ಸರ್ ಒಳಪದರದ ಕೆಳಗೆ, ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣುವ ಜಾಗದಲ್ಲೂ ಉದ್ದುದ್ದಕ್ಕೆ ಹರಿದಿರಬಹುದಾದ್ದರಿಂದ ಮೇಲಕ್ಕೂ ಕೆಳಕ್ಕೂ 3ರಿಂದ 4 ಸೆಂ.ಮೀ. ಸೇರಿಸುತ್ತಾರೆ, ಅಡ್ಡಕ್ಕೆ ಸುಮಾರು 1 ಸೆಂ.ಮೀ. ಇದರ ಹೊರಗೆ ಮತ್ತೊಂದು ಅಂಚು ಬೇಕು. ಅದು ರೋಗಕ್ಕಾಗಿ ಅಲ್ಲ, ನಮ್ಮ ಗುರಿಯಲ್ಲಿ ಉಳಿದುಕೊಳ್ಳುವ ಅನಿಶ್ಚಿತತೆಗಾಗಿ. ದಿನಾಲೂ ಚಿತ್ರ ತೆಗೆದು ನೋಡುವ ಕಡೆ ಈ ಕೊನೆಯ ಅಂಚನ್ನು 5 ಮಿ.ಮೀ.ಗೆ ಇಳಿಸಬಹುದು, ನೋಡದ ಕಡೆ 1 ಸೆಂ.ಮೀ. ಇಡಲೇಬೇಕಾಗುತ್ತದೆ. ನೀವು ಗಣಿತದ ಶಿಕ್ಷಕರಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ವಿಕಿರಣ ಬೀಳುವ ಭಾಗವನ್ನು 6 ಸೆಂ.ಮೀ. ವ್ಯಾಸದ ಸಿಲಿಂಡರ್ ಎಂದುಕೊಳ್ಳಿ. ಸುತ್ತಲೂ 5 ಮಿ.ಮೀ. ತೆಗೆದರೆ ವ್ಯಾಸ 5 ಸೆಂ.ಮೀ. ಆಗುತ್ತದೆ. ಉದ್ದ ಅಷ್ಟೇ ಇದ್ದರೂ ಘನಗಾತ್ರ 36ಕ್ಕೆ 25ರ ಪ್ರಮಾಣದಲ್ಲಿ, ಅಂದರೆ ಶೇ 30ರಷ್ಟು ಕಡಿಮೆಯಾಗುತ್ತದೆ. ಹಾಗೆ ಉಳಿದದ್ದು ಹೃದಯದ ಮತ್ತು ಶ್ವಾಸಕೋಶದ ಆರೋಗ್ಯವಂತ ಭಾಗ. ಆ 5 ಮಿಲಿಮೀಟರಿಗಾಗಿಯೇ ದಿನನಿತ್ಯದ ಸ್ಕ್ಯಾನ್.

ಅದರ ವಿಕಿರಣದ ಬಗ್ಗೆ ನಿಮ್ಮ ಭಯ ಸಹಜ. ಯಂತ್ರದ ಎರಡು ಪಕ್ಕಗಳಲ್ಲಿ ಚಾಚಿಕೊಂಡಿರುವ ತೋಳುಗಳು ರೋಗಿಯ ಸುತ್ತ ಒಂದು ಸುತ್ತು ತಿರುಗಿ, ಸುಮಾರು ಒಂದು ನಿಮಿಷದಲ್ಲಿ ಈ ಚಿತ್ರವನ್ನು ತೆಗೆಯುತ್ತವೆ. ಇದನ್ನು ಕೋನ್ ಬೀಮ್ ಸಿ.ಟಿ. ಎನ್ನುತ್ತೇವೆ. ಎದೆಗೆ ಒಂದು ಸಲಕ್ಕೆ ಬೀಳುವುದು ಹೆಚ್ಚುಕಡಿಮೆ ಒಂದು ಗ್ರೇಯ (ಮೈ ಹೀರಿಕೊಳ್ಳುವ ವಿಕಿರಣವನ್ನು ಅಳೆಯುವ ಮಾನ) ನೂರನೇ ಒಂದು ಭಾಗ. ಚಿಕಿತ್ಸೆಯ ವಿಕಿರಣ ದಿನಕ್ಕೆ 1.8 ಗ್ರೇ. ಒಟ್ಟು 28 ದಿನದ ಸ್ಕ್ಯಾನುಗಳನ್ನು ಕೂಡಿಸಿದರೂ ಒಂದು ದಿನದ ಚಿಕಿತ್ಸೆಯ ಕಾಲುಭಾಗವೂ ಆಗುವುದಿಲ್ಲ.

ಒಂದು ಬೆಳಗಿನ ಸಂಗತಿ ಹೇಳುತ್ತೇನೆ. ಅನ್ನನಾಳದ ಕೆಳತುದಿಯ ಗಡ್ಡೆಯಿದ್ದ ಹಿರಿಯರೊಬ್ಬರನ್ನು ಮಲಗಿಸಿ ಚಿತ್ರ ತೆಗೆದೆವು. ಬೆನ್ನುಮೂಳೆಗಳು ಪ್ಲಾನಿಂಗ್ ಚಿತ್ರದ ಮೇಲೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದಂತೆ ಕೂತವು. ಆದರೆ ಜಠರ ಉಬ್ಬಿಕೊಂಡು ಗಡ್ಡೆಯ ಕೆಳಭಾಗವನ್ನು ನಾವು ಎಳೆದ ಗೆರೆಯ ಅಂಚಿಗೆ ತಳ್ಳಿತ್ತು. ವಿಚಾರಿಸಿದರೆ, ಬಿಸಿಲಿಗೆ ತಾಳಲಾರದೆ ಹೊರಗೆ ಎರಡು ಲೋಟ ಮಜ್ಜಿಗೆ ಕುಡಿದು ಬಂದಿದ್ದರು. ಕೆಳಗಿಳಿಸಿ, ಎರಡು ಗಂಟೆ ಕೂರಿಸಿ, ಮತ್ತೆ ಚಿತ್ರ ತೆಗೆದು ಆಮೇಲೆ ಚಿಕಿತ್ಸೆ ಕೊಟ್ಟೆವು. ಚರ್ಮದ ಮೇಲಿನ ಗುರುತನ್ನು ಮಾತ್ರ ನಂಬಿದ್ದರೆ ಆ ದಿನ ಆ ತುದಿಗೆ ಪೂರ್ತಿ ವಿಕಿರಣ ಬೀಳುತ್ತಿರಲಿಲ್ಲ, ಅದು ನಮಗೆ ಗೊತ್ತೂ ಆಗುತ್ತಿರಲಿಲ್ಲ. ಆದ್ದರಿಂದ ಪ್ಲಾನಿಂಗ್ ಸಿ.ಟಿ.ಯ ದಿನ ಎಷ್ಟು ಗಂಟೆ ಹೊಟ್ಟೆ ಖಾಲಿ ಇಟ್ಟಿರುತ್ತೀರೋ ಪ್ರತಿದಿನವೂ ಅಷ್ಟೇ ಇಡಿ.

ಕೆಲವು ಕಡೆ ಇರುವ ಹಳೆಯ ಬಗೆಯ ವಿಕಿರಣ ಯಂತ್ರವಾದ ಕೋಬಾಲ್ಟ್ ಯಂತ್ರವನ್ನು ನಾನು ಹಳಿಯುವುದಿಲ್ಲ. ನಮ್ಮ ದೇಶದಲ್ಲಿ ಲಕ್ಷಾಂತರ ಜನಕ್ಕೆ ಅದೇ ಆಸರೆಯಾಗಿತ್ತು. ಆದರೆ ಎದೆಯ ನಡುವಿನ ಈ ಜಾಗಕ್ಕೆ, ಗುಣವಾಗುವ ಆಸೆ ಇರುವ ರೋಗಿಗೆ, ಸಿ.ಟಿ. ಪ್ಲಾನಿಂಗ್ ಇರುವ ಲೀನಿಯರ್ ಆಕ್ಸಿಲರೇಟರ್ (ವಿದ್ಯುತ್ತಿನಿಂದ ಕಿರಣ ಉತ್ಪಾದಿಸುವ ಯಂತ್ರ) ಸಿಗುವಂತಿದ್ದರೆ ಅಲ್ಲಿಗೇ ಹೋಗಿ. ಹತ್ತಿರದ ಕೇಂದ್ರದಲ್ಲೂ ಅದು ಇರಬಹುದು, ಪ್ಲಾನಿಂಗ್ ಸಿ.ಟಿ. ಮಾಡುತ್ತೀರಾ, ಯಂತ್ರದ ಮೇಲೆ ಚಿತ್ರ ತೆಗೆಯುತ್ತೀರಾ, ವಾರಕ್ಕೆ ಎಷ್ಟು ಸಲ ಎಂದು ನೇರವಾಗಿ ಕೇಳಿ.

ಮಾವಿನಕೆರೆ, ರಾಯಚೂರು

ಅಣ್ಣಾವ್ರಿಗೆ ನಮಸ್ಕಾರ. ನಮ್ಮ ಅತ್ತೆಯವರಿಗೆ ಇದೇ ಕಾಯಿಲೆಗೆ ಎರಡು ವರ್ಷದ ಹಿಂದೆ ಚಿಕಿತ್ಸೆ ಆಯಿತು. ಮೇಲಿನವರು ವಿಜ್ಞಾನ ಹೇಳಿದ್ದಾರೆ. ನಾನು ಜೊತೆಗಿದ್ದು ಕಂಡದ್ದನ್ನು ಬರೆಯುತ್ತೇನೆ.

ಪೆಟ್ ಸ್ಕ್ಯಾನ್‌ನಲ್ಲಿ ಅತ್ತೆಯವರ ಎದೆಯೊಳಗೆ ಗಡ್ಡೆಯಿಂದ ದೂರವಿದ್ದ ಎರಡು ಗ್ರಂಥಿಗಳು ಹೊಳೆದವು. ನಾವು ತೋರಿಸಿದ ಒಂದು ಕಡೆ, ರೋಗ ಹರಡಿದೆ, ಇನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಎರಡನೆಯ ವೈದ್ಯರು ಮಾತ್ರ, ನಮ್ಮ ನಾಡಿನಲ್ಲಿ ಕ್ಷಯದ ಗ್ರಂಥಿಯೂ ಪೆಟ್‌ನಲ್ಲಿ ಹೀಗೆಯೇ ಹೊಳೆಯುತ್ತದೆ, ಸೂಜಿ ಹಾಕಿ ನೋಡದೆ ತೀರ್ಮಾನಿಸಬಾರದು ಎಂದರು. ಎಂಡೋಸ್ಕೋಪಿಯ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ನಳಿಕೆಯನ್ನು ಇಳಿಸಿ ಗ್ರಂಥಿಯಿಂದ ಚೂರು ತೆಗೆದರು. ಕ್ಷಯವೇ ಆಗಿತ್ತು. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ ಎಂಬುದನ್ನು ನೀವೂ ನೆನಪಿಟ್ಟುಕೊಳ್ಳಿ.

ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಪೆಟ್ ಮಾಡುವವರಿಗೆ ಮೊದಲೇ ಹೇಳಿ. ಅತ್ತೆಯವರಿಗೆ ಆ ಬೆಳಿಗ್ಗೆ ಸಕ್ಕರೆ 200 ದಾಟಿದ್ದರಿಂದ ವಾಪಸ್ಸು ಕಳಿಸಿದರು, ಮತ್ತೆ ನಾಲ್ಕು ದಿನ ಕಾಯಬೇಕಾಯಿತು. ಆರು ಗಂಟೆ ಉಪವಾಸವಿರಬೇಕು, ನೀರು ಕುಡಿಯಬಹುದು. ಇಂಜೆಕ್ಷನ್ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಬೇರೆ ಕೋಣೆಯಲ್ಲಿ ಮಾತಾಡದೆ ಸುಮ್ಮನೆ ಒರಗಿರಬೇಕು, ಏಕೆಂದರೆ ಆಡಿದ ಸ್ನಾಯುಗಳೂ ಸಕ್ಕರೆ ಹೀರಿಕೊಳ್ಳುತ್ತವೆ. ಆ ದಿನ ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ಕೆಲವು ಗಂಟೆ ದೂರವಿರಲಿ.

ಸ್ಕ್ಯಾನ್ ಮಾಡಿಸಿದ ಕಡೆ ಫಿಲ್ಮಿನ ಜೊತೆಗೆ ಸಿ.ಡಿ.ಯನ್ನು ಕೇಳಿ ಪಡೆಯಿರಿ. ಡೈಕಾಮ್ ಫೈಲುಗಳು (ಕಂಪ್ಯೂಟರ್ ಓದುವ ಮೂಲ ಚಿತ್ರಗಳು) ಬೇಕು ಎಂದೇ ಹೇಳಿ. ನಮಗೆ ಬರೀ ಫಿಲ್ಮು ಕೊಟ್ಟಿದ್ದರು. ಪ್ಲಾನಿಂಗ್ ಮಾಡುವವರು ಪೆಟ್ ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಂದಿಸಬೇಕೆಂದಾಗ ಆ ಸಿ.ಡಿ.ಗಾಗಿ ನಮ್ಮ ಯಜಮಾನರು ಎರಡು ಸಲ ಅಲೆದರು.

ಇನ್ನೊಂದು ಮಾತು, ತೂಕ. ಮೂರನೆಯ ವಾರಕ್ಕೆ ಅತ್ತೆಯವರಿಗೆ ಉಗುಳು ನುಂಗಿದರೂ ಉರಿಯುತ್ತಿತ್ತು. ಐದು ಕಿಲೋ ಇಳಿದರು. ಒಂದು ದಿನ ಯಂತ್ರದ ಹುಡುಗಿ ಹೊರಬಂದು, ಅಮ್ಮನ ಮೈ ಮೊದಲಿನ ಗೆರೆಯೊಳಗೆ ಸಡಿಲವಾಗಿದೆ, ಚಿತ್ರದಲ್ಲಿ ಕಾಣುತ್ತಿದೆ, ಡಾಕ್ಟರಿಗೆ ತೋರಿಸುತ್ತೇನೆ ಎಂದಳು. ಮತ್ತೆ ಪ್ಲಾನಿಂಗ್ ಸಿ.ಟಿ. ಮಾಡಿ ಹೊಸ ಲೆಕ್ಕ ಹಾಕಿದರು. ಅಷ್ಟರಲ್ಲಿ ಮೂಗಿನಿಂದ ನಳಿಕೆ ಇಳಿಸಿದ್ದರು. ಮೊದಲ ವಾರವೇ ಇಳಿಸಿಕೊಂಡಿದ್ದರೆ ಅಷ್ಟು ಸೊರಗುತ್ತಿರಲಿಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ನಳಿಕೆಯಲ್ಲಿ ಹಾಲು, ರಾಗಿ ಗಂಜಿ, ಸೋಸಿದ ಬೇಳೆಕಟ್ಟು, ವೈದ್ಯರು ಬರೆದ ಪ್ರೋಟೀನ್ ಪುಡಿ, ಎರಡು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡುತ್ತಿದ್ದೆವು.

ಕೊನೆಭಾಗದವ, ಸಿಂಧನೂರು

ಇಬ್ಬರಿಗೂ ಕೈಮುಗಿದು ವಂದನೆಗಳು. 36 ಮತ್ತು 25ರ ಲೆಕ್ಕವನ್ನು ರಾತ್ರಿ ಕಾಗದದ ಮೇಲೆ ಬರೆದು ತಮ್ಮನಿಗೂ ತೋರಿಸಿದೆ. ಬೆಂಗಳೂರಿಗೇ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅಕ್ಕಾವ್ರೇ, ಸಿ.ಡಿ. ನಮ್ಮಲ್ಲೂ ಇರಲಿಲ್ಲ, ಇವತ್ತೇ ಹೋಗಿ ತಂದೆ.

ಇನ್ನೆರಡು ಸಂದೇಹ ಉಳಿದಿವೆ. ಎದೆಗೆ ಕರೆಂಟ್ ಕೊಟ್ಟರೆ ಗುಂಡಿಗೆ ಸುಟ್ಟುಹೋಗುತ್ತದೆ ಎಂದು ದೊಡ್ಡಪ್ಪ ಅಪ್ಪನ ಎದುರಿಗೇ ಹೇಳಿಬಿಟ್ಟಿದ್ದಾರೆ. ಹಾಗಾದರೆ ಎಷ್ಟು ಕೊಟ್ಟರೆ ರೋಗಕ್ಕೆ ಸಾಕು? ಮತ್ತು ಚಿಕಿತ್ಸೆ ಮುಗಿದ ಮೇಲೆ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣದಿದ್ದರೆ ಆಪರೇಷನ್ ಬೇಡವೆನ್ನಬಹುದೇ? ಅಪ್ಪ ಆಪರೇಷನ್ ಎಂದರೆ ಮುಖ ತಿರುಗಿಸುತ್ತಾರೆ.

ಗವಿಮಠ ರಸ್ತೆ, ಕೊಪ್ಪಳ

ನಾನು ವಿಕಿರಣ ಚಿಕಿತ್ಸೆಯ ವೈದ್ಯ. ತಮ್ಮ ತಂದೆಯವರನ್ನು ಪರೀಕ್ಷಿಸದೆ ಚಿಕಿತ್ಸೆಯನ್ನು ನಿರ್ಧರಿಸಲಾರೆ, ಆದರೆ ಕೇಳಿದ ಎರಡು ಪ್ರಶ್ನೆಗಳಿಗೆ ತಿಳಿದಿರುವ ಆಧಾರವನ್ನು ಹೇಳಬಹುದು.

ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಪ್ರಮಾಣ ಸಾಮಾನ್ಯವಾಗಿ 41.4 ಗ್ರೇ, 23 ದಿನಗಳಲ್ಲಿ, ಜೊತೆಗೆ ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧಗಳು. ಇದು 2012ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್ ದೇಶದ ಕ್ರಾಸ್ ಅಧ್ಯಯನದಿಂದ ಬಂದ ಕ್ರಮ. ಅದರಲ್ಲಿ ಸ್ಕ್ವಾಮಸ್ ಜಾತಿಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ಅನ್ನನಾಳವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ನೋಡಿದಾಗ ಜೀವಂತ ಕ್ಯಾನ್ಸರ್ ಕೋಶ ಉಳಿದಿರಲಿಲ್ಲ. ಶಸ್ತ್ರಚಿಕಿತ್ಸೆ ಇಲ್ಲದೆ ಪೂರ್ತಿ ಚಿಕಿತ್ಸೆ ಎಂದಾದರೆ 50.4 ಗ್ರೇ, 28 ದಿನ. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂದು ಭಾವಿಸಿ ಅಮೆರಿಕದಲ್ಲಿ 64.8 ಗ್ರೇ ಕೊಟ್ಟು ಹೋಲಿಸಿ ನೋಡಿದರು. 2002ರಲ್ಲಿ ಹೊರಬಂದ ಆ ಫಲಿತಾಂಶದಲ್ಲಿ ಹೆಚ್ಚಿಸಿದ್ದರಿಂದ ಲಾಭ ಕಾಣಲಿಲ್ಲ. ಆದ್ದರಿಂದ ನಾವು ಪ್ರಮಾಣವನ್ನು ಏರಿಸುವುದಕ್ಕಿಂತ, ಕೊಡುವುದನ್ನು ಸರಿಯಾದ ಜಾಗಕ್ಕೆ ಕೊಡುವುದರ ಮೇಲೆ ಶ್ರಮ ಹಾಕುತ್ತೇವೆ. ಚಿತ್ರಗಳ ಬೆಲೆ ಇರುವುದು ಇಲ್ಲಿಯೇ.

ದೊಡ್ಡಪ್ಪನವರ ಮಾತಿಗೆ ಆಧಾರ ಪೂರ್ತಿ ಇಲ್ಲವೆನ್ನಲಾಗದು. ಹೃದಯಕ್ಕೆ ವಿಕಿರಣ ಹೆಚ್ಚು ಬಿದ್ದರೆ ವರ್ಷಗಳ ನಂತರ ತೊಂದರೆ ಕಾಣಿಸಬಹುದು. ಅದಕ್ಕಾಗಿಯೇ ಪ್ಲಾನ್ ಒಪ್ಪುವ ಮುನ್ನ ನಾವು ಬೆನ್ನುಹುರಿಯ ಯಾವ ಬಿಂದುವಿಗೂ 45 ಗ್ರೇ ದಾಟದಂತೆ, 20 ಗ್ರೇ ಬೀಳುವ ಶ್ವಾಸಕೋಶದ ಪಾಲು ಸಾಧ್ಯವಾದಷ್ಟು ಕಡಿಮೆ ಇರುವಂತೆ, ಹೃದಯಕ್ಕೆ ಬೀಳುವ ಸರಾಸರಿ ಪ್ರಮಾಣ ಇಳಿಯುವಂತೆ ನೋಡುತ್ತೇವೆ. ಈ ಅಂಕಿಗಳೆಲ್ಲ ಪ್ಲಾನಿಂಗ್ ಸಿ.ಟಿ.ಯಲ್ಲಿ ಹೃದಯದ ಸುತ್ತ, ಶ್ವಾಸಕೋಶದ ಸುತ್ತ ಗೆರೆ ಎಳೆದದ್ದರಿಂದ ಮಾತ್ರ ಸಿಗುತ್ತವೆ. ತಾವು ಕೇಳಿದರೆ ವೈದ್ಯರು ಆ ಪ್ಲಾನನ್ನು ಪರದೆಯ ಮೇಲೆ ತೋರಿಸುತ್ತಾರೆ. ದೊಡ್ಡಪ್ಪನವರನ್ನೂ ಕರೆದುಕೊಂಡು ಹೋಗಿ ತೋರಿಸಿ.

ಎರಡನೆಯ ಪ್ರಶ್ನೆ ಕಷ್ಟದ್ದು. ವಿಕಿರಣ ಮುಗಿದ ಕೂಡಲೆ ಪೆಟ್ ಮಾಡಿದರೆ ಅನ್ನನಾಳದ ಉರಿಯೂತವೇ ಕ್ಯಾನ್ಸರಿನಂತೆ ಹೊಳೆಯುತ್ತದೆ. ಹಾಗಾಗಿ ಕೆಲವು ವಾರ ಬಿಟ್ಟು ಮಾಡುತ್ತೇವೆ. ಅಷ್ಟಾದ ಮೇಲೂ ಪೆಟ್‌ನಲ್ಲಿ ಹೊಳಪಿಲ್ಲ ಎಂದರೆ ಒಳಗೆ ಕೋಶಗಳೇ ಇಲ್ಲ ಎಂದು ಅರ್ಥವಲ್ಲ. ಸಣ್ಣ ಉಳಿಕೆಯನ್ನು ಅದು ಕಾಣಲಾರದು. ಅದಕ್ಕೇ ಎಂಡೋಸ್ಕೋಪಿ ಮಾಡಿ ಆಳವಾಗಿ ಚೂರು ತೆಗೆದು ಪರೀಕ್ಷಿಸಬೇಕು. ಇವೆಲ್ಲವೂ ಶುದ್ಧವಾಗಿ ಬಂದವರಿಗೆ ಕೂಡಲೆ ಶಸ್ತ್ರಚಿಕಿತ್ಸೆ ಮಾಡದೆ, ನಿಯಮಿತವಾಗಿ ಪರೀಕ್ಷಿಸುತ್ತಾ ಕಾಯುವ ದಾರಿಯನ್ನು ನೆದರ್‌ಲೆಂಡ್ಸ್‌ನ ಸಾನೋ ಎಂಬ ಅಧ್ಯಯನ ಪರಿಶೀಲಿಸಿದೆ, ಎರಡು ವರ್ಷದ ಬದುಕುಳಿಯುವಿಕೆಯಲ್ಲಿ ಅದು ಹಿಂದೆ ಬಿದ್ದಿಲ್ಲ. ಆದರೆ ಅಲ್ಲಿ ಮೊದಲ ವರ್ಷ ಕೆಲವೇ ತಿಂಗಳಿಗೊಮ್ಮೆ ಎಂಡೋಸ್ಕೋಪಿಯನ್ನೂ ಸ್ಕ್ಯಾನನ್ನೂ ತಪ್ಪದೆ ಮಾಡುತ್ತಾರೆ. ಗಂಟಲಲ್ಲಿ ಊಟ ಇಳಿಯತೊಡಗಿತು, ಇನ್ನು ಬೆಂಗಳೂರಿಗೆ ಹೋಗುವುದೇಕೆ ಎಂದು ಮನೆಯಲ್ಲಿ ಉಳಿದುಬಿಡುವುದಾದರೆ ಆ ದಾರಿ ಹಿಡಿಯಬಾರದು. ಬಿತ್ತನೆಯ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ತಪ್ಪದೆ ಹೋಗಲು ಸಾಧ್ಯವೇ ಎಂದು ಈಗಲೇ ಮನೆಯವರೆಲ್ಲ ಕೂತು ಮಾತಾಡಿ.

ತಾವು ಕೇಳದ ಎರಡು ವಿಷಯ. ಗಡ್ಡೆಯ ಮೇಲ್ತುದಿ 27ರಲ್ಲಿ, ಶ್ವಾಸನಾಳದ ಕವಲಿಗೆ ಬಹಳ ಹತ್ತಿರದಲ್ಲಿದೆ. ಶ್ವಾಸನಾಳದ ಗೋಡೆಗೆ ರೋಗ ತಾಗಿದೆಯೇ ಎಂದು ನೋಡಲು ಬ್ರಾಂಕೋಸ್ಕೋಪಿ ಬೇಕೇ ಎಂದು ಅಲ್ಲಿಯ ವೈದ್ಯರನ್ನು ಕೇಳಿ. ಎರಡನೆಯದು, ನುಂಗಲು ಅನುಕೂಲವಾಗಲೆಂದು ಈಗಲೇ ಲೋಹದ ಸ್ಟೆಂಟ್ (ಅನ್ನನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ವಿಕಿರಣ ವೈದ್ಯರನ್ನು ಕೇಳದೆ ಒಪ್ಪಬೇಡಿ. ಗುಣಪಡಿಸುವ ಚಿಕಿತ್ಸೆಗೆ ಹೊರಟವರಲ್ಲಿ ಅದರಿಂದ ತೊಡಕುಗಳಾಗುತ್ತವೆ, ಸಿ.ಟಿ. ಚಿತ್ರದಲ್ಲೂ ಲೋಹದ ಗೆರೆಗಳು ಚಿಮ್ಮಿ ಗಡ್ಡೆಯ ಅಂಚನ್ನು ಮುಚ್ಚುತ್ತವೆ. ಆಹಾರದ ನಳಿಕೆ ಸಾಕು.

ರಾತ್ರಿ ಬಂಡಿ, ತೋರಣಗಲ್ಲು

ಹಣ ಮತ್ತು ಪ್ರಯಾಣದ ಬಗ್ಗೆ ಎರಡು ಮಾತು. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿರಿ. ಯಾವ ಸ್ಕ್ಯಾನ್ ಯೋಜನೆಯೊಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಕೊಡಬೇಕು ಎಂದು ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ನಮೂನೆ ಬೇಕು. ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ಕೊನೆಭಾಗದವ, ಸಿಂಧನೂರು

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಪೆಟ್ ಆಯಿತು. ಗಡ್ಡೆಯ ಪಕ್ಕದ ಒಂದು ಗ್ರಂಥಿ ಬಿಟ್ಟರೆ ಬೇರೆಲ್ಲೂ ಹೊಳಪಿಲ್ಲ ಎಂದರು. ಆ ಗ್ರಂಥಿಯನ್ನೂ ವಿಕಿರಣದ ಗೆರೆಯೊಳಗೇ ಸೇರಿಸಿದ್ದಾರೆ. ಬ್ರಾಂಕೋಸ್ಕೋಪಿಯ ವಿಷಯ ನಾನೇ ಕೇಳಿದೆ. ಮಾಡಿದರು, ಶ್ವಾಸನಾಳ ಸ್ವಚ್ಛವಾಗಿದೆ. ಮೊನ್ನೆ ಪ್ಲಾನಿಂಗ್ ಸಿ.ಟಿ. ಮುಗಿಯಿತು. ಅಪ್ಪನ ಎದೆಯ ನಡುವೆ ಒಂದು, ಎರಡು ಪಕ್ಕಗಳಲ್ಲಿ ಒಂದೊಂದು, ಸಾಸಿವೆ ಕಾಳಿನಷ್ಟು ಹಚ್ಚೆಯ ಚುಕ್ಕೆ ಹಾಕಿದ್ದಾರೆ. ಅವ್ವ ತನ್ನ ಮೊಣಕೈಯ ಹಳೆಯ ಹಚ್ಚೆಯನ್ನು ಅಪ್ಪನ ಚುಕ್ಕೆಗಳ ಪಕ್ಕ ಹಿಡಿದು ನೋಡಿ, ಇದು ಅಳಿಸುವುದಿಲ್ಲ, ಹೆದರಬೇಡ ಎಂದಳು. ಮೂಗಿನ ನಳಿಕೆಯನ್ನು ಮೊದಲೇ ಹಾಕಿಸಿದ್ದೇವೆ, ಅಕ್ಕಾವ್ರು ಹೇಳಿದಂತೆ ಗಡಿಯಾರ ನೋಡಿ ಕೊಡುತ್ತಿದ್ದೇವೆ. ತೂಕ 54ರಲ್ಲೇ ನಿಂತಿದೆ.

ದೊಡ್ಡಪ್ಪ ಪರದೆಯ ಮೇಲೆ ಪ್ಲಾನ್ ನೋಡಿದರು. ಹೃದಯದ ಗೆರೆ ಯಾವುದು ಎಂದು ಎರಡು ಸಲ ಕೇಳಿದರು. ಸೋಮವಾರ ಬೆಳಿಗ್ಗೆ 11 ಗಂಟೆಗೆ ಮೊದಲ ಸರದಿ. 8 ಗಂಟೆಗೆ ಕೊನೆಯ ಹಾಲು ಕೊಟ್ಟು ಕರೆದುಕೊಂಡು ಹೋಗುತ್ತೇವೆ, ಅಳತೆಯ ದಿನವೂ ಮೂರು ಗಂಟೆಯ ಅಂತರವನ್ನೇ ಇಟ್ಟಿದ್ದೆವು.